ಇನ್ ಗೇಟಿನ ಇನ್‌ಸೆಕ್ಯೂರಿಟಿ

ಮಾನ್ಯ ಸಿಬ್ಬಂದಿ ಕ್ಷೇಮಾಧಿಕಾರಿಗಳೇ,

ತಾವು ನಮ್ಮ ಕ್ಷೇಮ ವಿಚಾರಿಸುವವರೆಗೆ ಇತ್ತ ಕಡೆ ನಾವೆಲ್ಲರೂ ಕ್ಷೇಮವಾಗಿಯೇ ಇದ್ದೆವು. ವಿಚಾರಿಸಿದ ಮೂರೇ ತಿಂಗಳಲ್ಲಿ ನನಗೆ ಇಲ್ಲದ ಕಾಯಿಲೆಯೊಂದು ಬಂತು, ಆ ಕಾಯಿಲೆ ವಾಸಿಯೂ ಆಯಿತು, ವಾಸಿಯಾದ ತಪ್ಪಿಗೆ ಇದ್ದ ಕೆಲಸ ಹೋಯಿತು. ಇಷ್ಟೆಲ್ಲ ಆದದ್ದು ಒಂದು ಪದದ ನಡುವೆ ಇರಬೇಕಾಗಿದ್ದ ಅಕ್ಕಿಕಾಳಿನಷ್ಟು ಖಾಲಿ ಜಾಗ ಇಲ್ಲದೆ ಹೋದದ್ದರಿಂದ. ತಮ್ಮ ಕಚೇರಿಗೆ ನಾಲ್ಕು ಅರ್ಜಿ ಬರೆದೆ. ನಾಲ್ಕಕ್ಕೂ 'ತಮ್ಮ ಭಾವನೆಗಳನ್ನು ಹಂಚಿಕೊಂಡದ್ದಕ್ಕೆ ಧನ್ಯವಾದಗಳು' ಎಂಬ ಒಂದೇ ಉತ್ತರ. ನಾನು ಹಂಚಿಕೊಂಡದ್ದು ಭಾವನೆಯಲ್ಲ, ಅರ್ಜಿ. ಆದ್ದರಿಂದ ಐದನೆಯದನ್ನು ಊರಿಗೆಲ್ಲ ಕಾಣುವಂತೆ ಬರೆಯುತ್ತಿದ್ದೇನೆ.

ನನ್ನ ಹೆಸರು ಏಕಾಂತಯ್ಯ, ಊರು ಅರಳಗುಪ್ಪೆ. ತಿಪಟೂರಿನಿಂದ ಕಿಬ್ಬನಹಳ್ಳಿ ಕಡೆ ಹೋಗುವ ರಸ್ತೆಯಲ್ಲಿ ತಮ್ಮ ಆಡಳಿತಕ್ಕೆ ಸೇರಿದ ಕೊಬ್ಬರಿ ಗೋಡೌನ್ ಇದೆಯಲ್ಲ, ಅದರ ಕಾವಲುಗಾರ. ಗೋಡೌನಿಗೆ ಎರಡು ಗೇಟು. ತುಂಬಿದ ಲಾರಿ ಒಳಗೆ ಬರುವುದು ಇನ್ ಗೇಟಿನಲ್ಲಿ, ಖಾಲಿ ಲಾರಿ ಹೊರಗೆ ಹೋಗುವುದು ಔಟ್ ಗೇಟಿನಲ್ಲಿ. ಇನ್ ಗೇಟಿನಲ್ಲಿ ನಾನು, ಔಟ್ ಗೇಟಿನಲ್ಲಿ ತಿಪಟೂರಿನ ಪೀರ್ ಸಾಬ್. ಹೀಗಾಗಿ ಡ್ರೈವರುಗಳು, ಹಮಾಲರು, ಎದುರಿನ ಟೀ ಅಂಗಡಿಯವರು ಎಲ್ಲರೂ ನನ್ನನ್ನು 'ಇನ್ ಸೆಕ್ಯೂರಿಟಿ' ಎಂದೂ ಪೀರ್ ಸಾಬರನ್ನು 'ಔಟ್ ಸೆಕ್ಯೂರಿಟಿ' ಎಂದೂ ಕರೆಯುತ್ತಾರೆ. ನಮ್ಮ ತಂದೆ ಸದಾಶಿವಯ್ಯನವರೂ ಇದೇ ಇನ್ ಗೇಟಿನಲ್ಲಿದ್ದರು. ಅವರು ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ಆ ಕೆಲಸ ನನಗೆ ಬಂತು. ಅದಕ್ಕೀಗ ಹದಿನಾರು ವರ್ಷ.

ಕಳೆದ ಆಷಾಢದಲ್ಲಿ ತಮ್ಮ ಕಚೇರಿಯಿಂದ 'ನೌಕರರ ಸಮಗ್ರ ಕ್ಷೇಮ ನಮೂನೆ' ಎಂಬ ನಾಲ್ಕು ಪುಟದ ಕಾಗದ ಬಂತು. ಚೌಕಾಬಾರದ ಹಾಗೆ ಮನೆಮನೆ ಬರೆದು, ಒಂದು ಅಕ್ಷರಕ್ಕೆ ಒಂದು ಮನೆ ಎಂದು ಸೂಚಿಸಿದ್ದಿರಿ. 'ಪ್ರಸ್ತುತ ಸ್ಥಿತಿ' ಎಂಬುದರ ಮುಂದೆ ಆರು ಮನೆಗಳಿದ್ದವು. ಸ್ಥಿತಿ ಎಂದರೆ ನಾನಿರುವ ಹುದ್ದೆ ಎಂದುಕೊಂಡೆ. ಇ, ನ್, ಸೆ, ಕ್ಯೂ, ರಿ, ಟಿ. ಲೆಕ್ಕ ಸರಿಹೋಯಿತು. ನಡುವೆ ಒಂದು ಮನೆ ಖಾಲಿ ಬಿಟ್ಟಿದ್ದರೆ ಕೊನೆಯ 'ಟಿ' ಬೀದಿಗೆ ಬೀಳುತ್ತಿತ್ತು. ಹದಿನಾರು ವರ್ಷ ಗೇಟು ಕಾದವನಿಗೆ ಒಂದು ಅಕ್ಷರವನ್ನು ಹೊರಗೆ ನಿಲ್ಲಿಸಲು ಮನಸ್ಸು ಬರಲಿಲ್ಲ. ಅರ್ಧ ತಪ್ಪು ನನ್ನದೇ ಎಂದು ಈಗಲೇ ಒಪ್ಪಿಕೊಳ್ಳುತ್ತೇನೆ.

ಉಳಿದರ್ಧವನ್ನು ತಾವು ಒಪ್ಪಿಕೊಳ್ಳಬೇಕು. ಅದರ ಕೆಳಗೆ 'ಎಷ್ಟು ಕಾಲದಿಂದ ಇದೆ?' ಎಂದು ಕೇಳಿದ್ದಿರಿ. ಹದಿನಾರು ವರ್ಷದಿಂದ ಎಂದು ಬರೆದೆ. 'ಕುಟುಂಬದಲ್ಲಿ ಮೊದಲು ಯಾರಿಗಾದರೂ ಇತ್ತೇ?' ಎಂದು ಕೇಳಿದ್ದಿರಿ. ತಂದೆಯವರಿಗೆ ಇತ್ತು, ಅವರು ತೀರಿಕೊಂಡ ಮೇಲೆ ನನಗೆ ಬಂತು ಎಂದು ಬರೆದೆ. 'ಇದರಿಂದ ನಿದ್ರೆಗೆ ತೊಂದರೆಯಾಗುತ್ತಿದೆಯೇ?' ಎಂದದ್ದಕ್ಕೆ, ಮಧ್ಯಾಹ್ನ ಊಟದ ನಂತರ ನಿದ್ದೆ ಎಳೆಯುತ್ತದೆ, ಆದರೆ ಇದರ ದೆಸೆಯಿಂದ ಮಾಡಲಾಗುವುದಿಲ್ಲ ಎಂದು ಬರೆದೆ. ಮಾನ್ಯರೇ, ಇದರಲ್ಲಿ ಒಂದಾದರೂ ಸುಳ್ಳಿದೆಯೇ? ಇಷ್ಟು ಪ್ರಾಮಾಣಿಕವಾಗಿ ತುಂಬಿದ ನಮೂನೆ ತಮ್ಮ ಕಚೇರಿಗೆ ಎಂದಾದರೂ ಬಂದಿತ್ತೇ?

ಹದಿನೈದು ದಿನ ಕಳೆದು, ಗೇಟಿನಲ್ಲಿ ಕೂತಿದ್ದಾಗ ತಮ್ಮ ಮನಃಕ್ಷೇಮ ವಿಭಾಗದಿಂದ ಒಬ್ಬರು ಮೇಡಂ ಫೋನು ಮಾಡಿದರು. ಧ್ವನಿ ಬಹಳ ಮೆತ್ತಗಿತ್ತು. ಸಾವಿನ ಮನೆಗೆ ಬಂದವರು ಮಾತಾಡುವ ಹಾಗೆ ಮಾತಾಡಿದರು.

"ಏಕಾಂತಯ್ಯ ಅವರೇ, ನಿಮ್ಮ ಇನ್‌ಸೆಕ್ಯೂರಿಟಿ ಬಗ್ಗೆ ಸ್ವಲ್ಪ ಮಾತಾಡಬಹುದಾ?"

"ಮಾತಾಡಿ ಮೇಡಂ, ಅದಕ್ಕೇನಂತೆ."

"ದಿನದಲ್ಲಿ ಯಾವ ಹೊತ್ತಲ್ಲಿ ಹೆಚ್ಚು ಇರುತ್ತೆ?"

"ಬೆಳಗ್ಗೆ ಎಂಟರಿಂದ ಸಂಜೆ ಆರರ ಗಂಟ. ಭಾನುವಾರ ಇರಲ್ಲ."

"ಭಾನುವಾರ ಮನೆಯವರ ಜೊತೆ ಇರ್ತೀರಿ, ಅದಕ್ಕೆ ಇರಲ್ಲ ಅನ್ಸುತ್ತಾ?"

"ಇಲ್ಲ ಮೇಡಂ, ಭಾನುವಾರ ಲಾರಿ ಬರಲ್ಲ."

ಅವರು ಬರೆದುಕೊಂಡ ಸದ್ದು ಕೇಳಿಸಿತು. "ಲಾರಿ ನೋಡಿದ್ರೆ ಜಾಸ್ತಿ ಆಗುತ್ತಾ?"

"ಆಗದೆ ಏನ್ ಮೇಡಂ. ಒಂದೇ ಸಲಕ್ಕೆ ಹತ್ತು ಲಾರಿ ಬಂದು ನಿಂತ್ರೆ ಉಸಿರಾಡಕ್ಕೂ ಪುರುಸೊತ್ತಿರಲ್ಲ."

"ಅಯ್ಯೋ ಪಾಪ. ಹೀಗಿದ್ದೂ ಯಾರ ಹತ್ರನೂ ಹೇಳ್ಕೊಂಡಿಲ್ವಾ?"

"ಹೇಳದೇನು ಮೇಡಂ, ಇಡೀ ತಿಪಟೂರಿಗೇ ಗೊತ್ತು."

ಫೋನಿಡುವ ಮೊದಲು ಅವರು ನನ್ನ ಧೈರ್ಯವನ್ನು ಮೆಚ್ಚಿದರು. ನನಗೂ ಸಂತೋಷವಾಯಿತು. ಹದಿನಾರು ವರ್ಷದಲ್ಲಿ ಮೇಲಿನ ಕಚೇರಿಯವರು ಕೆಲಸದ ಬಗ್ಗೆ ಅಷ್ಟು ಅಕ್ಕರೆಯಿಂದ ವಿಚಾರಿಸಿದ್ದು ಅದೇ ಮೊದಲು. ಆ ದಿನ ಪೀರ್ ಸಾಬರಿಗೆ ನಾನೇ ಟೀ ಕುಡಿಸಿದೆ.

ಮುಂದಿನ ವಾರ ಆದೇಶ ಬಂತು. ನಮ್ಮ ಗೋಡೌನಿನ ಮೇಲ್ವಿಚಾರಕ ದಯಾನಂದ ಅದನ್ನು ಎರಡು ಸಲ ಮನಸ್ಸಿನಲ್ಲೇ ಓದಿಕೊಂಡು, ಮೂರನೆಯ ಸಲ ನನಗೆ ಓದಿ ಹೇಳಿದರು. "ತಮ್ಮಲ್ಲಿ ದೀರ್ಘಕಾಲೀನವೂ ವಂಶಪಾರಂಪರ್ಯವೂ ಆದ ಇನ್‌ಸೆಕ್ಯೂರಿಟಿ, ಅರ್ಥಾತ್ ಅಭದ್ರತಾ ಭಾವ ಇರುವುದು ದೃಢಪಟ್ಟಿದೆ. ಅಭದ್ರತೆ ಉಳ್ಳವರನ್ನು ಭದ್ರತಾ ಕಾರ್ಯದಲ್ಲಿ ಮುಂದುವರಿಸುವುದು ಸಮಂಜಸವಲ್ಲ. ಮೂರು ದಿನಗಳ ಆತ್ಮವಿಶ್ವಾಸ ಶಿಬಿರದಲ್ಲಿ ಪಾಲ್ಗೊಂಡು ಪ್ರಮಾಣಪತ್ರ ಪಡೆಯುವವರೆಗೆ ಸದರಿಯವರು ಗೇಟಿನಿಂದ ದೂರ ಇರತಕ್ಕದ್ದು."

"ಸಾರ್, ನಂಗೆ ಇದೇನೂ ಇಲ್ಲ. ನಾನು ಬರ್ದಿದ್ದು ಗೇಟಿನ ವಿಷ್ಯ," ಎಂದೆ.

ದಯಾನಂದ ಒಳ್ಳೆಯವರು, ಆದರೆ ಕಾಗದವನ್ನು ನಂಬುವವರು. ಆದೇಶದ ಜೊತೆ ಬಂದಿದ್ದ ಕಿರುಪುಸ್ತಕ ತೆಗೆದು ತೋರಿಸಿದರು. "ನೋಡ್ರೀ, ಇಲ್ಲಿ ಮೂರನೇ ಲಕ್ಷಣ ಅಂತ ಕೊಟ್ಟವ್ರೆ. 'ತನಗೆ ಅಭದ್ರತೆ ಇಲ್ಲವೆಂದು ಬಲವಾಗಿ ನಿರಾಕರಿಸುವುದು.' ನೀವು ನಿರಾಕರಿಸ್ತಿದೀರ."

"ಹಂಗಾದ್ರೆ ಇದೆ ಅಂತೀನಿ ಬುಡಿ."

"ಇದೆ ಅಂದ್ರೆ ಇದೆ ಅಂತಲೇ ಆಯ್ತಲ್ಲ."

ಮಾನ್ಯರೇ, ನಮ್ಮ ಗೋಡೌನಿನ ಬೀಗಗಳನ್ನು ಮಾಡಿದವನೂ ಇಷ್ಟು ಭದ್ರವಾದ ಬೀಗ ಮಾಡಿಲ್ಲ.

ಆ ಸಂಜೆ ನನ್ನ ಮಗಳು ಅನುಪಮಾ, ಬಿ.ಎಡ್. ಓದುತ್ತಿದ್ದಾಳೆ, ಆ ಪದದ ಅರ್ಥ ಬಿಡಿಸಿ ಹೇಳಿದಳು. "ಅಪ್ಪ, ಹಂಗಂದ್ರೆ ಒಳಗೊಳಗೇ ಭಯ. ನಾನು ಸಾಲದು, ಯಾರೋ ನನ್ನ ಜಾಗ ಕಿತ್ಕೋತಾರೆ, ನಂಗೆ ಯಾರೂ ಬೆಲೆ ಕೊಡಲ್ಲ, ಹಿಂಗೆಲ್ಲ ಅನ್ಸೋದು." ಅವಳ ಕಾಲೇಜಿನಲ್ಲಿ ಆ ಪದ ದಿನಕ್ಕೆ ನೂರು ಸಲ ಓಡಾಡುತ್ತದಂತೆ. ಗಂಡ ಹೆಂಡತಿಯ ಫೋನು ನೋಡಿದರೆ ಅದು. ಗೆಳತಿ ಬೇರೆಯವಳ ಜೊತೆ ಕೂತರೆ ಹೊಟ್ಟೆ ಉರಿಯುವುದೂ ಅದು. ಮೇಷ್ಟರು ಪ್ರಶ್ನೆ ಕೇಳಿದವರನ್ನು ಗದರಿದರೆ ಅದೂ ಅದೇ.

ಇಲ್ಲಿ ಒಂದು ಮಾತು ಹೇಳಲೇಬೇಕು. ಪರೀಕ್ಷೆಗೆ ಹೋಗುವವನಿಗೆ ನಮ್ಮಲ್ಲಿ ಅಳುಕು ಇತ್ತು. ಮೂವತ್ತಡಿ ತೆಂಗಿನ ಮರದ ಮೇಲೆ ಗಾಳಿ ಬೀಸಿದರೆ ದಿಗಿಲು ಇತ್ತು. ಮಾವನ ಮುಂದೆ ಅಂಜಿಕೆ, ನಾಲ್ಕು ಜನರ ಮುಂದೆ ಹಿಂಜರಿಕೆ, ಪಕ್ಕದ ಮನೆಯವರು ಕಾರು ತಂದರೆ ಹೊಟ್ಟೆಕಿಚ್ಚು. ಒಂದೊಂದಕ್ಕೂ ಒಂದೊಂದು ಹೆಸರು, ಒಂದೊಂದು ಮದ್ದು. ಇವನ್ನೆಲ್ಲ ತಾವು ಒಂದೇ ಚೀಲಕ್ಕೆ ತುಂಬಿ, ಬಾಯಿ ಹೊಲಿದು, ಮೇಲೆ ಇನ್‌ಸೆಕ್ಯೂರಿಟಿ ಎಂದು ಬರೆದಿದ್ದೀರಿ. ಒಳ್ಳೆಯ ಕೊಬ್ಬರಿ, ಒಡಕು, ಕೌಟು ಹಿಡಿದದ್ದು ಎಲ್ಲವನ್ನೂ ಒಟ್ಟಿಗೆ ತುಂಬಿದ ಚೀಲವನ್ನು ನಮ್ಮ ತಿಪಟೂರಿನ ಯಾವ ಮಂಡಿಯಲ್ಲಿಯೂ ಮುಟ್ಟುವುದಿಲ್ಲ. ತಮ್ಮ ಕಚೇರಿಯಲ್ಲಿ ಅದಕ್ಕೆ ಮೂರು ದಿನದ ಶಿಬಿರ ಮಾಡುತ್ತೀರಿ.

ಮನೆಯಲ್ಲಿ ನಡೆದದ್ದನ್ನೂ ಕೇಳಬೇಕು. ನನ್ನ ಹೆಂಡತಿ ಜ್ಯೋತಿಲಕ್ಷ್ಮಿ ಆದೇಶ ಕೇಳಿ ಮುದ್ದೆ ಕಟ್ಟುವುದನ್ನು ನಿಲ್ಲಿಸಿದಳು. "ಹದಿನಾರು ವರ್ಷದಿಂದ ಇತ್ತಂತೆ. ಒಂದೇ ಮನೇಲಿ ಇದ್ಕೊಂಡು ನಂಗೆ ಒಂದು ಮಾತು ಹೇಳಲಿಲ್ಲ ನೀವು," ಎಂದಳು. ಮೆಣಸಿನಕಾಯಿ ಉಪ್ಪು ನಿವಾಳಿಸಿ ಒಲೆಗೆ ಹಾಕಿದಳು. ಘಾಟಿಗೆ ನಾನು ಕೆಮ್ಮಿದೆ. ಕೆಮ್ಮಿದ್ದೂ ಲಕ್ಷಣದ ಪಟ್ಟಿಯಲ್ಲಿದೆಯೇ ಎಂದು ಕಿರುಪುಸ್ತಕ ನೋಡಿಸಿದಳು. ಮಾರನೆಯ ಬೆಳಗ್ಗೆ ಶೆಟ್ಟಿಕೆರೆಯಿಂದ ಅವಳ ಅಣ್ಣ ಏಳು ಗಂಟೆಗೇ ಫೋನು ಮಾಡಿದ. "ಭಾವ, ವಂಶಪಾರಂಪರ್ಯ ಅಂತ ಬರ್ದವ್ರಂತೆ. ಅದು ನಿಮ್ಮ ಕಡೆಯಿಂದ ಬಂದಿದ್ದು. ನಮ್ಮ ಕಡೆ ಯಾರಿಗೂ ಇಲ್ಲ. ಇದನ್ನ ಈಗಲೇ ಹೇಳ್ಬುಡ್ತೀನಿ, ಆಮೇಲೆ ಮಾತು ಬರಬಾರ್ದು." ಅನುಪಮಾಳ ಮದುವೆ ಮಾತು ಎಲ್ಲಿಯೂ ಶುರುವಾಗಿರಲಿಲ್ಲ. ಆದರೂ ಅವನು ಮೂರು ಊರಿನಲ್ಲಿ, ಕೂಸಿಗೆ ಏನೂ ಇಲ್ಲ, ತಂದೆಗೆ ಮಾತ್ರ, ಎಂದು ಸಮಾಧಾನ ಹೇಳಿಕೊಂಡು ಬಂದಿದ್ದ. ಸಮಾಧಾನ ಕೇಳಿದವರೆಲ್ಲ ಗಾಬರಿಯಾದರು.

ನನಗೆ ಸಮಾಧಾನ ಹೇಳಿದ್ದು ಪೀರ್ ಸಾಬರು ಒಬ್ಬರೇ. ಅವರೂ ಅದೇ ನಮೂನೆ ತುಂಬಿದ್ದರು. ಸ್ಥಿತಿ, ಔಟ್‌ಸೆಕ್ಯೂರಿಟಿ. ಮೇಡಂ ಅವರಿಗೆ ಆ ಹೆಸರಿನ ಕಾಯಿಲೆ ಯಾವ ಪುಸ್ತಕದಲ್ಲಿಯೂ ಸಿಕ್ಕಿರಲಿಲ್ಲ.

"ನೋಡಿ ಏಕಾಂತಣ್ಣ," ಎಂದರು, "ಕಾಯಿ ಅಟ್ಟದ ಮೇಲೆ ಹನ್ನೊಂದು ತಿಂಗಳು ಒಣಗ್ತದೆ. ಆಮೇಲೆ ಅಲ್ಲಾಡಿಸಿದ್ರೆ ಒಳಗೆ ಲೊಟಲೊಟ ಅಂತದೆ. ಮೇಡಂ ಹೇಳೋದು ಆ ಲೊಟಲೊಟ. ಅದು ಅಲ್ಲಾಡಿದ್ರೇನೇ ಕೊಬ್ಬರಿ ಆಯ್ತು ಅಂತ ಅರ್ಥ. ಅಲ್ಲಾಡದೇ ಇರೋದು ಎಳೆಕಾಯಿ. ನೀವು ಸುಮ್ನೆ ಹೋಗಿ ಬನ್ನಿ."

"ಗೇಟು ಸಾಬ್ರೇ?"

"ಗೇಟು ಎಲ್ಲಿಗೂ ಹೋಗಲ್ಲ. ನಾನಿದೀನಲ್ಲ."

ಶಿಬಿರ ತುಮಕೂರಿನ ಒಂದು ಸಭಾಂಗಣದಲ್ಲಿ ನಡೆಯಿತು. ಊಟ ಚೆನ್ನಾಗಿತ್ತು, ಅದನ್ನು ಒಪ್ಪಬೇಕು. ಮೊದಲ ದಿನ ಕನ್ನಡಿಯ ಮುಂದೆ ನಿಂತು "ನಾನು ಭದ್ರ, ನಾನು ಭದ್ರ" ಎಂದು ನೂರು ಸಲ ಹೇಳಿಸಿದರು. ಎರಡನೆಯ ದಿನ ಕಣ್ಣು ಮುಚ್ಚಿಕೊಂಡು ಹಿಂದಕ್ಕೆ ಬೀಳಬೇಕು, ಹಿಂದಿನವರು ಹಿಡಿಯುತ್ತಾರೆ, ಇದರಿಂದ ಜಗತ್ತಿನ ಮೇಲೆ ನಂಬಿಕೆ ಬರುತ್ತದೆ ಎಂದರು. ನನ್ನ ತೂಕ ಎಂಬತ್ತೆರಡು ಕಿಲೋ. ಹಿಂದಿದ್ದವರು ಚಿಕ್ಕನಾಯಕನಹಳ್ಳಿ ಕಡೆಯ ಲಕ್ಕಯ್ಯ ಎಂಬ ಸಣಕಲು ಗುಮಾಸ್ತರು. ಅವರಿಗೆ ಏನೂ ಇರಲಿಲ್ಲ, ಬೇರೊಬ್ಬರ ಬದಲಿಗೆ ಬಂದಿದ್ದರು. ನಾನು ಬೀಳಲು ಸಿದ್ಧನಾದಾಗ ಹಿಂದಿನಿಂದ "ಸ್ವಾಮಿ, ಮೆಲ್ಲಗೆ ಬೀಳಿ, ಮನೇಲಿ ಮಕ್ಕಳವ್ರೆ" ಎಂದದ್ದು ಕೇಳಿಸಿತು. ಅವರಿಗೆ ಆ ಕ್ಷಣ ಬಂದ ಅಭದ್ರತೆ ಇನ್ನೂ ಹೋಗಿಲ್ಲವೆಂದು ಮೊನ್ನೆ ಫೋನಿನಲ್ಲಿ ಹೇಳಿದರು.

ಮೂರನೆಯ ದಿನ ಎಲ್ಲರಿಗೂ ಒಂದೊಂದು ಬಲೂನು ಕೊಟ್ಟು, ನಿಮ್ಮ ಅಭದ್ರತೆಯನ್ನು ಇದರ ಮೇಲೆ ಬರೆದು ಒಡೆಯಿರಿ ಎಂದರು. ನಾನು ಬಹಳ ಹೊತ್ತು ಯೋಚಿಸಿದೆ. ಮೂರು ವಾರದಿಂದ ಮನೆಯಲ್ಲಿ ಕೂತಿದ್ದೆ. ರಸ್ತೆಯಲ್ಲಿ ಲಾರಿ ಹೋದರೆ ಎದ್ದು ನಿಲ್ಲುತ್ತಿದ್ದೆ, ನಂಬರು ಓದುತ್ತಿದ್ದೆ, ಬರೆದುಕೊಳ್ಳಲು ಪುಸ್ತಕವಿಲ್ಲದೆ ಕೂರುತ್ತಿದ್ದೆ. ನನ್ನ ಕುರ್ಚಿಯಲ್ಲಿ ಬೇರೆಯವರು ಕೂತಿದ್ದಾರೆಯೇ ಎಂದು ದಿನಕ್ಕೆ ನಾಲ್ಕು ಸಲ ಪೀರ್ ಸಾಬರಿಗೆ ಫೋನು ಮಾಡಿ ಕೇಳುತ್ತಿದ್ದೆ. ಮಗಳು ಹೇಳಿದ ಅರ್ಥಕ್ಕೆ ಈಗ ನಾನು ಸರಿಯಾಗಿ ಹೊಂದುತ್ತಿದ್ದೆ. ತಮ್ಮ ಇಲಾಖೆ ಮೊದಲು ಪದ ಕೊಟ್ಟಿತು, ಆಮೇಲೆ ಅದರ ಅರ್ಥವನ್ನೂ ಮನೆಗೆ ತಲುಪಿಸಿತು. ಬಲೂನಿನ ಮೇಲೆ 'ನನ್ನ ಗೇಟು ಹೋದೀತು' ಎಂದು ಬರೆದೆ. ಒಡೆಯಲು ಕೈ ಬರಲಿಲ್ಲ. ಶಿಬಿರ ನಡೆಸುತ್ತಿದ್ದವರು ಪಿನ್ನು ಚುಚ್ಚಿ ತಾವೇ ಒಡೆದರು, ಎಲ್ಲರೂ ಚಪ್ಪಾಳೆ ತಟ್ಟಿದರು.

ಪ್ರಮಾಣಪತ್ರ ಸಿಕ್ಕಿತು. "ಶ್ರೀ ಏಕಾಂತಯ್ಯ ಇವರು ಇನ್‌ಸೆಕ್ಯೂರಿಟಿಯಿಂದ ಸಂಪೂರ್ಣ ಮುಕ್ತರಾಗಿದ್ದಾರೆ." ಚಿನ್ನದ ಬಣ್ಣದ ಅಂಚು, ತಮ್ಮ ಸಹಿ. ತಂದು ದಯಾನಂದರ ಕೈಗಿತ್ತೆ. ಅವರು ಅದನ್ನು ಆಡಳಿತ ಶಾಖೆಗೆ ಕಳಿಸಿದರು. ಆಡಳಿತ ಶಾಖೆ ತಮ್ಮ ಕೊಠಡಿಯ ಪಕ್ಕದಲ್ಲೇ ಇದೆ, ನಡುವೆ ಒಂದೇ ಗೋಡೆ. ಅಲ್ಲಿಂದ ನಾಲ್ಕೇ ದಿನದಲ್ಲಿ ಉತ್ತರ ಬಂತು. "ಸದರಿಯವರು ಇನ್ ಸೆಕ್ಯೂರಿಟಿಯಿಂದ ಸಂಪೂರ್ಣ ಮುಕ್ತರಾಗಿರುವುದಾಗಿ ಪ್ರಮಾಣಪತ್ರ ಸಲ್ಲಿಸಿರುವ ಹಿನ್ನೆಲೆಯಲ್ಲಿ, ಇನ್ ಗೇಟಿನ ಭದ್ರತಾ ಹುದ್ದೆ ಖಾಲಿ ಎಂದು ಪರಿಗಣಿಸಿದೆ."

ದಯವಿಟ್ಟು ಗಮನಿಸಿ. ಆಡಳಿತ ಶಾಖೆಯವರು 'ಇನ್' ಮತ್ತು 'ಸೆಕ್ಯೂರಿಟಿ' ನಡುವೆ ಜಾಗ ಬಿಟ್ಟಿದ್ದರು. ಒಂದು ತಿಂಗಳಿಂದ ನಾನು ಬೇಡುತ್ತಿದ್ದ ಜಾಗ. ಇರಬೇಕಾದ ಕಡೆ ಇರಲಿಲ್ಲ, ಬಂದಿದ್ದು ನನ್ನ ಅನ್ನಕ್ಕೆ ಕಲ್ಲು ಹಾಕುವ ಹೊತ್ತಿಗೆ. ಗೋಡೆಯ ಒಂದು ಕಡೆ ಅದು ಕಾಯಿಲೆ, ಇನ್ನೊಂದು ಕಡೆ ಅದು ಹುದ್ದೆ. ತಾವೂ ಆ ಶಾಖೆಯವರೂ ಮಧ್ಯಾಹ್ನ ಒಂದೇ ಕ್ಯಾಂಟೀನಿನಲ್ಲಿ ಊಟ ಮಾಡುತ್ತೀರಂತೆ. ಒಂದು ದಿನವೂ ಈ ಮಾತು ಬರಲಿಲ್ಲವೇ?

ಇನ್ನು ತಾವು ನಮ್ಮ ಗೋಡೌನಿಗೆ ದಯಮಾಡಿಸಿದ ದಿನ. ತಾವು ಮರೆತಿರಲಾರಿರಿ. ಇನ್ ಗೇಟಿಗೆ ಬೀಗ ಬಿದ್ದಿತ್ತು, ಬೀಗದ ಕೈ ದಯಾನಂದರ ಬಳಿ ಇತ್ತು, ದಯಾನಂದರು ತಮ್ಮ ಸ್ವಾಗತಕ್ಕೆಂದು ಹಾರ ತರಲು ಪೇಟೆಗೆ ಹೋಗಿದ್ದರು. ತಮ್ಮ ಕಾರು ಔಟ್ ಗೇಟಿಗೆ ಹೋಯಿತು. ಪೀರ್ ಸಾಬರು ಸೆಲ್ಯೂಟು ಹೊಡೆದು ಹೇಳಿದರು, "ಇದು ಹೊರಗೆ ಹೋಗೋ ಗೇಟು ಸಾರ್. ಒಳಗೆ ಬಿಟ್ರೆ ನನ್ನ ಕೆಲಸ ಹೋಯ್ತದೆ. ಒಳಗೆ ಬಿಡೋರು ವಾಸಿಯಾಗಿ ಮನೇಲವ್ರೆ."

ತಾವು ನಲವತ್ತು ನಿಮಿಷ ಬಿಸಿಲಿನಲ್ಲಿ ನಿಂತಿರಿ. ಎದುರಿನ ಟೀ ಅಂಗಡಿಯ ಬೆಂಚಿನಲ್ಲಿ ಕೂತಿದ್ದವನು ನಾನೇ. ಮನೆಯಲ್ಲಿರಲಾರದೆ ದಿನವೂ ಬಂದು ಅಲ್ಲಿ ಕೂರುತ್ತಿದ್ದೆ. ತಾವೇ ಬಂದು ಕೇಳಿದಿರಿ, "ಇಲ್ಲಿ ಗೇಟಲ್ಲಿ ಯಾರೂ ಇಲ್ಲವೇನ್ರೀ?" ಎಂದು. "ಇದ್ರು ಸಾರ್, ಮುಕ್ತರಾದ್ರು," ಎಂದೆ. ತಾವು ನಾನು ಸತ್ತೆನೆಂದು ತಿಳಿದು ತಲೆ ಬಗ್ಗಿಸಿದಿರಿ.

ಅಷ್ಟರಲ್ಲಿ ದಯಾನಂದರು ಓಡಿ ಬಂದು ಬೀಗ ತೆಗೆದರು. ತಮ್ಮ ಕಾರಿನ ಹಿಂದೆಯೇ ನಮ್ಮೂರ ಕಡೆಯ ದೇವರ ಬಸವ ಒಳಗೆ ನುಗ್ಗಿತು. ಆ ಬಸವ ಹದಿನಾರು ವರ್ಷದಲ್ಲಿ ಒಮ್ಮೆಯೂ ಆ ಗೇಟು ದಾಟಿರಲಿಲ್ಲ. ದಿನಾ ಬೆಳಗ್ಗೆ ಬಂದು ನಿಲ್ಲುತ್ತಿತ್ತು, ನಾನು ಒಂದು ಚೂರು ಬೆಲ್ಲ ಕೊಟ್ಟು "ಹೋಗಪ್ಪ, ಇವತ್ತು ಬೇಡ" ಎನ್ನುತ್ತಿದ್ದೆ, ಅದು ಹೋಗುತ್ತಿತ್ತು. ಕಾವಲು ಎಂದರೆ ಇಷ್ಟೇ ಮಾನ್ಯರೇ, ಅದಕ್ಕೆ ಕನ್ನಡಿ ಬೇಕಿಲ್ಲ. ಆ ದಿನ ತಡೆಯುವವರಿಲ್ಲದೆ ಅದು ನೇರ ಮೊದಲ ಸಾಲಿಗೆ ಹೋಗಿ ಕೊಬ್ಬರಿ ಚೀಲಕ್ಕೆ ಬಾಯಿ ಹಾಕಿತು. ದೇವರದೆಂದು ಹಮಾಲರು ಹೊಡೆಯಲಿಲ್ಲ. ತಮ್ಮ ಡ್ರೈವರ್ ಹಾರ್ನ್ ಮಾಡಿದ. ಬಸವ ತಿರುಗಿ ನೋಡಿ, ಕಾರಿನಿಂದ ಇಳಿದಿದ್ದ ತಮ್ಮನ್ನು ಗೋಡೆಗೂ ಚೀಲಗಳಿಗೂ ನಡುವೆ ನಿಲ್ಲಿಸಿಕೊಂಡು ತಿನ್ನುವುದನ್ನು ಮುಂದುವರಿಸಿತು. ಆಗ ತಮ್ಮ ಮುಖದಲ್ಲಿ ಕಂಡದ್ದಕ್ಕೆ ಕಿರುಪುಸ್ತಕದಲ್ಲಿ ಏನು ಹೆಸರೋ ನನಗೆ ತಿಳಿಯದು. ನಮ್ಮಲ್ಲಿ ಅದನ್ನು ದಿಗಿಲು ಎನ್ನುತ್ತಾರೆ.

ನಾನು ಟೀ ಲೋಟ ಇಟ್ಟು ಒಳಗೆ ಬಂದೆ. "ಬಾರಪ್ಪ, ಸಾಕು," ಎಂದೆ. ಬಸವ ನನ್ನ ಹಿಂದೆ ಹೊರಗೆ ನಡೆಯಿತು.

ತಾವು ಬೆವರು ಒರೆಸಿಕೊಂಡು ದಯಾನಂದರನ್ನು ಕೇಳಿದಿರಿ, "ಯಾರು ಇವರು?"

"ಇನ್ ಸೆಕ್ಯೂರಿಟಿ ಸಾರ್," ಎಂದರು ದಯಾನಂದ.

ತಾವು ಕನಿಕರದಿಂದ ನನ್ನ ಹೆಗಲು ಮುಟ್ಟಿ, "ಪಾಪ, ಇನ್ನೂ ವಾಸಿಯಾಗಿಲ್ಲವೇ? ಎರಡನೇ ಹಂತದ ಶಿಬಿರಕ್ಕೆ ಹೆಸರು ಬರೆಸಿ," ಎಂದು ಹೇಳಿ ಕಾರು ಹತ್ತಿದಿರಿ. ಪೀರ್ ಸಾಬರು ತಮಗೆ ಔಟ್ ಗೇಟನ್ನು ಸಂತೋಷದಿಂದ ತೆರೆದರು.

ಅಂದಿನಿಂದ ನನ್ನ ಸ್ಥಿತಿ ಹೀಗಿದೆ. ಗೇಟಿಗೆ ಆಳು ಬೇಕೇ ಬೇಕು ಎಂದು ದಯಾನಂದರಿಗೆ ಮನವರಿಕೆಯಾಗಿದೆ. ಆದರೆ ಹುದ್ದೆ ಖಾಲಿ ಎಂದು ಆದೇಶವಿರುವಾಗ ನನ್ನನ್ನು ಕೂರಿಸಲು ಅವರಿಗೆ ಧೈರ್ಯವಿಲ್ಲ. ಆದ್ದರಿಂದ ನಾನು ದಿನವೂ ಸಂದರ್ಶಕನಾಗಿ ಬರುತ್ತೇನೆ. ಸಂದರ್ಶಕರ ಪುಸ್ತಕ ಇಡುವವನು ಇನ್ ಗೇಟಿನವನು, ಅಂದರೆ ನಾನೇ. ಬೆಳಗ್ಗೆ ಎಂಟಕ್ಕೆ ನನ್ನ ಹೆಸರನ್ನು ನಾನೇ ಬರೆದುಕೊಂಡು, ನನ್ನನ್ನು ನಾನೇ ಒಳಗೆ ಬಿಟ್ಟುಕೊಳ್ಳುತ್ತೇನೆ. ಭೇಟಿಯ ಉದ್ದೇಶ, ಗೇಟು ಕಾಯುವುದು. ಯಾರನ್ನು ಕಾಣಬೇಕು, ಬರುವವರನ್ನು. ಸಂದರ್ಶಕನಿಗೆ ಸಂಬಳವಿಲ್ಲ, ಸಮವಸ್ತ್ರವಿಲ್ಲ, ಕುರ್ಚಿ ಮಾತ್ರ ಇದೆ. ಪೀರ್ ಸಾಬರು ತಮ್ಮ ಬುತ್ತಿಯಲ್ಲಿ ಅರ್ಧ ಕೊಡುತ್ತಾರೆ. ಹೆಂಡತಿ ಇನ್ನರ್ಧ ಕಟ್ಟಿಕೊಡುತ್ತಾಳೆ.

ನನ್ನ ಬೇಡಿಕೆ ದೊಡ್ಡದಲ್ಲ. ನನಗೆ ನನ್ನ ಇನ್ ಸೆಕ್ಯೂರಿಟಿಯನ್ನು ಮರಳಿ ದಯಪಾಲಿಸಿ, ನಡುವೆ ಜಾಗ ಬಿಟ್ಟು. ಜಾಗ ಬಿಡದೆ ಕೊಟ್ಟದ್ದನ್ನು ದಯವಿಟ್ಟು ವಾಪಸು ತೆಗೆದುಕೊಳ್ಳಿ. ಅದು ಕಚೇರಿಯ ಸ್ವತ್ತು, ನಮ್ಮ ಮನೆಯಲ್ಲಿ ಅದಕ್ಕೆ ಇಡಲು ಸ್ಥಳವಿಲ್ಲ. ಇದನ್ನು ಹದಿನೈದು ದಿನದೊಳಗೆ ಬರಹದಲ್ಲಿ ತಿಳಿಸಬೇಕು.

ತಡಮಾಡಿದರೆ ತೊಂದರೆ ತಮಗೇ. ಮುಂದಿನ ತಿಂಗಳು ತಾವು ಮತ್ತೆ ಪರಿಶೀಲನೆಗೆ ಬರುತ್ತೀರೆಂದು ದಯಾನಂದರು ಕ್ಯಾಲೆಂಡರಿನಲ್ಲಿ ಗುರುತು ಮಾಡಿದ್ದಾರೆ. ಒಳಗೆ ಹೋಗಲು ತಾವು ಪುಸ್ತಕದಲ್ಲಿ ಸಹಿ ಹಾಕಬೇಕು. ಒಬ್ಬ ಸಂದರ್ಶಕ ಇನ್ನೊಬ್ಬ ಸಂದರ್ಶಕನನ್ನು ಒಳಗೆ ಬಿಡಬಹುದೇ ಎಂಬ ಬಗ್ಗೆ ನಿಯಮ ಹುಡುಕಿದೆ, ಸಿಗಲಿಲ್ಲ. ತಮ್ಮ ಕಚೇರಿಗೇ ಬರೆದು ಕೇಳಿದ್ದೇನೆ. ಉತ್ತರ ಬರುವವರೆಗೆ ತಾವು ಹೊರಗೆ ನಿಲ್ಲಬೇಕಾಗುತ್ತದೆ. ಟೀ ಅಂಗಡಿಯವರಿಗೆ ಹೇಳಿ ಬೆಂಚಿನಲ್ಲಿ ಒಂದು ಜಾಗ ಹಿಡಿದಿಡುತ್ತೇನೆ.

ಇಂತಿ,
ತಮ್ಮ ಗೇಟಿನ ದಿನನಿತ್ಯದ ಸಂದರ್ಶಕ,
ಏಕಾಂತಯ್ಯ
(ಒಳಬಂದ ಸಮಯ: ಬೆಳಗ್ಗೆ ಎಂಟು. ಹೊರಹೋಗುವ ಸಮಯ: ತಾವು ತಿಳಿಸಿದಂತೆ.)